ಓಲೆಗಳಿಗೆ ವಿಳಾಸ ಬರೆದವರು

ಪುಸ್ತಕಗಳ ಪಟ್ಟಿಗೂ ಯಾರಾದರೂ ವಿಮರ್ಶೆ ಬರೀತಾರಾ ಅಂತ ನೀವು ಕೇಳಬಹುದು. ಕಾದಂಬರಿಗೆ ಬರೀತೇವೆ, ಸಿನಿಮಾಕ್ಕೆ ಬರೀತೇವೆ, ಹೊಸ ಫೋನಿಗೂ ಬರೀತೇವೆ. ಪಟ್ಟಿಗೆ ಯಾಕೆ ಬೇಡ? ನಾನು ಹೇಳಹೊರಟಿರುವ ಪಟ್ಟಿಯ ಹೆಸರು 'ಕನ್ನಡ ಪ್ರಾಂತೀಯ ತಾಡಪತ್ರೀಯ ಗ್ರಂಥಸೂಚಿ'. 1948ರಲ್ಲಿ ಕಾಶಿಯ ಭಾರತೀಯ ಜ್ಞಾನಪೀಠ ಪ್ರಕಟಿಸಿತು. ಸಿದ್ಧಪಡಿಸಿದವರು ಪಂಡಿತ ಕೆ. ಭುಜಬಲಿ ಶಾಸ್ತ್ರಿ. ಮೂಡುಬಿದಿರೆಯ ಜೈನಮಠ, ಸಿದ್ಧಾಂತ ಬಸದಿ, ಹತ್ತಿರದ ಅಳಿಯೂರು, ಆಚೆ ಕಾರ್ಕಳ, ಇಲ್ಲೆಲ್ಲ ಕಟ್ಟುಕಟ್ಟಾಗಿ ಕೂತಿದ್ದ ತಾಳೆಗರಿ ಗ್ರಂಥಗಳನ್ನು ಒಂದೊಂದಾಗಿ ಬಿಚ್ಚಿ ನೋಡಿ ಬರೆದ ಪುಸ್ತಕ ಇದು.

ಶಾಸ್ತ್ರಿಗಳನ್ನು ನಮ್ಮ ಕಡೆ ಪಂಡಿತರು, ಲೇಖಕರು ಅಂತ ನೆನೆಯುತ್ತಾರೆ. ಅವರು ಲೈಬ್ರರಿಯನ್ ಆಗಿದ್ದರು ಅನ್ನೋದನ್ನ ಯಾರೂ ಒತ್ತಿ ಹೇಳೋದಿಲ್ಲ. ಬಿಹಾರದ ಆರಾ ಪಟ್ಟಣದಲ್ಲಿ ಜೈನ ಸಿದ್ಧಾಂತ ಭವನ ಅಂತ ಒಂದು ದೊಡ್ಡ ಗ್ರಂಥಭಂಡಾರ ಇದೆ. ಕರಾವಳಿಯ ಈ ಮನುಷ್ಯ ಅಲ್ಲಿ ಬಹಳ ಕಾಲ ಪುಸ್ತಕಾಲಯ ನೋಡಿಕೊಂಡರು. ಅಲ್ಲಿಂದ ಬರುತ್ತಿದ್ದ 'ಜೈನ ಸಿದ್ಧಾಂತ ಭಾಸ್ಕರ' ಪತ್ರಿಕೆಯ ಸಂಪಾದಕರಲ್ಲಿ ಒಬ್ಬರಾಗಿದ್ದರು. 1942ರಲ್ಲಿ ಅಲ್ಲಿಂದಲೇ 'ಪ್ರಶಸ್ತಿ ಸಂಗ್ರಹ' ಅನ್ನೋ ಪುಸ್ತಕ ತಂದರು. ಪ್ರಶಸ್ತಿ ಅಂದರೆ ಇಲ್ಲಿ ಶಾಲು-ಹಾರದ್ದಲ್ಲ. ಗ್ರಂಥದ ಕೊನೆಯಲ್ಲಿ ಕವಿ ತನ್ನ ಗುರು ಯಾರು, ಯಾವ ಕಾಲ, ಯಾರು ಬರೆಸಿದರು ಅಂತೆಲ್ಲ ಹೇಳಿಕೊಳ್ಳುವ ಭಾಗ. ಸಿನಿಮಾದ ಕೊನೆಗೆ ಓಡುವ ಹೆಸರುಗಳ ಪಟ್ಟಿ ಇದ್ಯಲ್ಲ, ಹಾಗೆ. ಎಲ್ಲರೂ ಎದ್ದು ಹೋದ ಮೇಲೂ ಕೂತು ಅದನ್ನೇ ಓದುವ ಸ್ವಭಾವದವರು ಅವರು ಅಂತ ಇದರಿಂದ ಗೊತ್ತಾಗುತ್ತೆ.

ಈಗ ಗ್ರಂಥಸೂಚಿಯ ಒಂದು ನಮೂದು ಹೇಗಿರುತ್ತೆ ನೋಡೋಣ. ಗ್ರಂಥದ ನಂಬರು, ಹೆಸರು, ಬರೆದವರು. ಎಷ್ಟು ಗರಿ, ಒಂದು ಗರಿಯಲ್ಲಿ ಎಷ್ಟು ಸಾಲು, ಒಂದು ಸಾಲಿನಲ್ಲಿ ಎಷ್ಟು ಅಕ್ಷರ. ಲಿಪಿ ಯಾವುದು, ಭಾಷೆ ಯಾವುದು. ಪೂರ್ತಿ ಇದೆಯೋ ಇಲ್ಲವೋ, ಪಾಠ ಶುದ್ಧವೋ ಅಲ್ಲವೋ, ಗರಿಗಳ ಸ್ಥಿತಿ ಹೇಗಿದೆ. ಅಷ್ಟೇ. ಓದೋಕೆ ಬೋರು ಅನ್ನಿಸುತ್ತಾ? ನನಗಂತೂ ಈ ಅಕ್ಷರ ಎಣಿಸುವ ಕೆಲಸವೇ ಪುಸ್ತಕದ ಅತ್ಯುತ್ತಮ ಭಾಗ ಅನ್ನಿಸಿತು. ಹಳೆಯ ಕಾಲದಲ್ಲಿ 32 ಅಕ್ಷರಕ್ಕೆ ಒಂದು 'ಗ್ರಂಥ' ಅಂತ ಲೆಕ್ಕ ಹಿಡಿದು ಕೃತಿಯ ಅಳತೆ ಹೇಳುತ್ತಿದ್ದರು. ಗರಿ, ಸಾಲು, ಅಕ್ಷರ ಮೂರನ್ನೂ ಗುಣಿಸಿದರೆ ಕೃತಿ ಎಷ್ಟು ದೊಡ್ಡದು ಅಂತ ತಿಳಿಯುತ್ತೆ. ಇನ್ನೊಂದು ಊರಿನ ಪ್ರತಿಯ ಜೊತೆ ಹೋಲಿಸಿದರೆ ಯಾವುದರಲ್ಲಿ ಭಾಗ ಬಿಟ್ಟುಹೋಗಿರಬಹುದು ಅನ್ನೋ ಅನುಮಾನ ಹುಟ್ಟುತ್ತೆ. ನಾಳೆ ಹತ್ತು ಗರಿ ಕಾಣೆಯಾದರೂ ಪಟ್ಟಿ ಸಾಕ್ಷಿ ಹೇಳುತ್ತೆ. ಸಾಫ್ಟ್‌ವೇರ್‌ನವರಿಗೆ ಹೇಳಬೇಕಾದರೆ, ಇದು ಚೆಕ್‌ಸಮ್.

ಮೂಡುಬಿದಿರೆ ಅಂದ ಕೂಡಲೇ ಎಲ್ಲರೂ ಧವಲಾ, ಜಯಧವಲಾ, ಮಹಾಧವಲಾ ಅನ್ನುತ್ತಾರೆ. ಪ್ರಾಕೃತದ ಈ ಸಿದ್ಧಾಂತ ಗ್ರಂಥಗಳು ಹಳಗನ್ನಡ ಲಿಪಿಯಲ್ಲಿ ಉಳಿದದ್ದು ಇಲ್ಲಿನ ಬಸದಿಯಲ್ಲಿ. ಶತಮಾನಗಳ ಕಾಲ ಯಾತ್ರಿಕರು ದೂರದಿಂದ ಬಂದು ದರ್ಶನ ಮಾಡಿ ಹೋಗುತ್ತಿದ್ದರು. ಓದೋರು ಇರಲಿಲ್ಲ, ಕೈಮುಗಿಯೋರಿದ್ದರು. 1896ರಲ್ಲಿ ಪ್ರತಿ ಮಾಡುವ ಕೆಲಸ ಶುರುವಾಯಿತು. ಹೀರಾಲಾಲ್ ಜೈನ್ ಸಂಪಾದಿಸಿದ ಧವಲಾದ ಮೊದಲ ಸಂಪುಟ 1939ರಲ್ಲಿ ಅಚ್ಚಾಯಿತು. 16 ಸಂಪುಟ ಮುಗಿಯುವಾಗ 1958. ಸರಿ, ಅದೊಂದು ದೊಡ್ಡ ಸಾಹಸ. ಆದರೆ ಧವಲಾಕ್ಕೆ ಪಟ್ಟಿ ಬೇಕಿರಲಿಲ್ಲ. ಅದರ ಹೆಸರು ದೇಶಕ್ಕೇ ಗೊತ್ತಿತ್ತು. ಪಟ್ಟಿ ಬೇಕಾಗೋದು ಪಕ್ಕದ ಕಟ್ಟಿಗೆ. ವೈದ್ಯದ್ದೋ ಜ್ಯೋತಿಷದ್ದೋ ವ್ಯಾಕರಣದ್ದೋ ಆದ, ಯಾರೂ ಕೇಳಿಕೊಂಡು ಬರದ ಆ ಪುಟ್ಟ ಕಟ್ಟಿಗೆ. ಧವಲಾದ ವಿವರ ಬರೆದ ಅದೇ ಶಿಸ್ತಿನಲ್ಲಿ ಶಾಸ್ತ್ರಿಗಳು ಆ ಅನಾಮಿಕ ಕಟ್ಟಿನ ಗರಿಗಳನ್ನೂ ಎಣಿಸಿದರು. ಲೈಬ್ರರಿಯನ್ ಕೆಲಸದ ನೀತಿ ಅಂತ ಒಂದಿದ್ದರೆ ಅದು ಇದೇ ಅಂತ ನನ್ನ ನಂಬಿಕೆ.

ಇನ್ನು ತಕರಾರು. ಈ ಸೂಚಿ ಇರೋದು ಹಿಂದಿಯಲ್ಲಿ, ನಾಗರಿ ಲಿಪಿಯಲ್ಲಿ. ಕನ್ನಡ ಲಿಪಿಯ ಓಲೆ, ಕನ್ನಡ ನಾಡಿನ ಭಂಡಾರ, ಆದರೆ ಬಾಗಿಲ ಮೇಲಿನ ಬೋರ್ಡು ಹಿಂದಿ! ಕಾರಣ ಅರ್ಥವಾಗುತ್ತೆ. ಪ್ರಕಾಶಕರು ಕಾಶಿಯವರು, ಇಂಥದ್ದಕ್ಕಾಗಿ ಕಾಯುತ್ತಿದ್ದ ಜೈನ ವಿದ್ವಾಂಸರಲ್ಲಿ ಹೆಚ್ಚಿನವರು ಉತ್ತರದವರು. ಆ ಓದುಗರಿಗೆ ಅದು ಸರಿಯಾದ ಆಯ್ಕೆಯೇ. ಆದರೂ ಇದರ ಬೆಲೆ ತೆತ್ತವರು ನಾವು. ಮೂಡುಬಿದಿರೆಯ ಕಾಲೇಜಿನಲ್ಲಿ ಓದುವ ಹುಡುಗಿಗೆ ತನ್ನ ಊರಿನ ಮಠದಲ್ಲಿ ಏನಿದೆ ಅಂತ ತಿಳಿಯೋಕೆ ಹಿಂದಿ ಗೊತ್ತಿರಬೇಕು. ಇದನ್ನು ಶಾಸ್ತ್ರಿಗಳ ತಪ್ಪು ಅಂತ ನಾನು ಹೇಳೋದಿಲ್ಲ. ಸಂಬಳ ಮತ್ತು ಅಚ್ಚಿನ ಖರ್ಚು ಎಲ್ಲಿಂದ ಬಂತೋ ಪಟ್ಟಿ ಆ ಭಾಷೆಯನ್ನೇ ಮಾತಾಡುತ್ತೆ.

ನಮ್ಮ ಸರಕಿಗೆ ಬೇರೆಯವರು ಪಟ್ಟಿ ಬರೆಯೋದು ಹೊಸದೇನಲ್ಲ. ಬ್ರಿಟಿಷ್ ಮ್ಯೂಸಿಯಮ್ಮಿನಲ್ಲಿದ್ದ ಕನ್ನಡ, ಬಡಗ, ಕೊಡಗು ಪುಸ್ತಕಗಳ ಕ್ಯಾಟಲಾಗನ್ನು ಎಲ್.ಡಿ. ಬಾರ್ನೆಟ್ 1910ರಲ್ಲೇ ತಂದಿದ್ದ. ಸ್ವಾತಂತ್ರ್ಯದ ನಂತರ ಪಿ.ಎಲ್. 480 ಬಂತು. ನಿಮ್ಮ ಅಜ್ಜ-ಅಜ್ಜಿಯರಿಗೆ ಇದು ಅಮೆರಿಕದ ಗೋಧಿಯ ಹೆಸರಾಗಿ ಗೊತ್ತಿರಬಹುದು. ಆ ಗೋಧಿ ಮಾರಿ ಬಂದ ರೂಪಾಯಿಯ ಒಂದು ಪಾಲಿನಲ್ಲಿ ಅಮೆರಿಕದ ಲೈಬ್ರರಿ ಆಫ್ ಕಾಂಗ್ರೆಸ್ 1962ರಿಂದ ದೆಹಲಿಯ ಕಚೇರಿ ಮೂಲಕ ಭಾರತೀಯ ಭಾಷೆಗಳ ಪುಸ್ತಕ ಕೊಂಡು ತನ್ನ ದೇಶದ ವಿಶ್ವವಿದ್ಯಾಲಯಗಳಿಗೆ ಕಳಿಸಿತು. ಕನ್ನಡವೂ ಹೋಯಿತು. ಬಂದ ಪುಸ್ತಕ ನೋಡಿಕೊಳ್ಳೋಕೆ ಅಲ್ಲಿ ಭಾಷೆ ಬಲ್ಲ ಲೈಬ್ರರಿಯನ್ನರು ಬೇಕಾದರು. ದಕ್ಷಿಣ ಏಷ್ಯಾ ಸಂಗ್ರಹ ಅನ್ನೋದೇ ಒಂದು ವೃತ್ತಿಯಾಯಿತು. ಶಿಕಾಗೋ ವಿಶ್ವವಿದ್ಯಾಲಯದ ಮೌರೀನ್ ಪ್ಯಾಟರ್ಸನ್ ಈ ವೃತ್ತಿಯಲ್ಲೇ ಬಾಳಿ, 1981ರಲ್ಲಿ 28,000ಕ್ಕೂ ಹೆಚ್ಚು ನಮೂದುಗಳ ದಕ್ಷಿಣ ಏಷ್ಯಾ ಗ್ರಂಥಸೂಚಿ ಕೊಟ್ಟರು. ಅಲ್ಲಿ ಅಂಥವರಿಗೆ ವಿದ್ವಾಂಸರ ಪಕ್ಕದ ಕುರ್ಚಿ ಸಿಗುತ್ತೆ.

ಇಲ್ಲಿ? ಲೈಬ್ರರಿಯನ್ ಅಂದರೆ ಪುಸ್ತಕ ಇಶ್ಯೂ ಮಾಡೋರು, ಫೈನ್ ಹಾಕೋರು, ನ್ಯಾಕ್ ತಂಡ ಬರುವಾಗ ಕಪಾಟು ಒರೆಸಿಸೋರು. ಹಳೆಯ ಲಿಪಿ ಓದಬಲ್ಲ ಎಂ.ಎ. ಪದವೀಧರನಿಗೆ ಅದೇ ಕೌಶಲದ ಮೇಲೆ ಕಾಯಂ ಕೆಲಸ ಸಿಗೋದು ಎಷ್ಟು ಅಪರೂಪ ಅಂತ ಕೇಳಿ ನೋಡಿ. ಬದಲಿಗೆ ಸ್ಕ್ಯಾನರ್ ಬರುತ್ತೆ, ಉದ್ಘಾಟನೆ ಆಗುತ್ತೆ, ಫೋಟೋ ಬರುತ್ತೆ. ಒಂದು ಕಡೆ ಹೀಗೆ ಡಿಜಿಟಲ್ ಆದ ಸಂಗ್ರಹವನ್ನು ನಾನು ತೆರೆದು ನೋಡಿದೆ. ಸಾಲು ಸಾಲು ಫೈಲು, ಎಲ್ಲದಕ್ಕೂ ಕ್ಯಾಮೆರಾ ಕೊಟ್ಟ ನಂಬರು. ಯಾವ ಕೃತಿ, ಎಷ್ಟನೇ ಗರಿ, ಒಂದೂ ಇಲ್ಲ. ಚಿತ್ರ ಚೆನ್ನಾಗಿತ್ತು, ವಿಳಾಸ ಇರಲಿಲ್ಲ. ಹೀಗಾದರೆ ಹಾರ್ಡ್‌ಡಿಸ್ಕ್ ಅಂದರೆ ಇನ್ನೊಂದು ಬೀಗ ಹಾಕಿದ ಪೆಟ್ಟಿಗೆ, ಅಷ್ಟೇ.

ನಮ್ಮ ಮೂರು ತಾಲೂಕಿನಲ್ಲಿ ಸಾಮಗ್ರಿಗೇನೂ ಬರ ಇಲ್ಲ. ಮೂಡುಬಿದಿರೆಯ ಮಠದಲ್ಲಿ ಓಲೆಗಳಿವೆ. ಬೆಳ್ತಂಗಡಿ ಕಡೆ ಹೋದರೆ ಶ್ರೀ ಮಂಜುನಾಥೇಶ್ವರ ಸಂಸ್ಕೃತಿ ಸಂಶೋಧನ ಪ್ರತಿಷ್ಠಾನದ ಹಸ್ತಪ್ರತಿಗಳಿವೆ. ಬಂಟ್ವಾಳದ ಬಿ.ಸಿ. ರೋಡಿನಲ್ಲಿ ಪ್ರೊ. ತುಕಾರಾಮ ಪೂಜಾರಿಯವರು ಕಟ್ಟಿದ ರಾಣಿ ಅಬ್ಬಕ್ಕ ತುಳು ಅಧ್ಯಯನ ಕೇಂದ್ರ ಇದೆ. ಒಂದೇ ದಿನದಲ್ಲಿ ಮೂರನ್ನೂ ನೋಡಿ ಬರಬಹುದು. ಸಂಗ್ರಹಿಸಿದವರ ಹೆಸರು ನಮಗೆ ಗೊತ್ತು, ಗೌರವವೂ ಇದೆ. ಆದರೆ ಸಂಗ್ರಹ ಉಳಿಯೋದು ಸಂಗ್ರಹಕಾರರ ನೆನಪಿನಲ್ಲಿರುವ ವಿವರ ಕಾಗದಕ್ಕೆ ಇಳಿದಾಗ. ಯಾವ ವಸ್ತು, ಯಾರ ಮನೆಯದು, ಯಾವಾಗ ಬಂತು, ಈಗ ಹೇಗಿದೆ. ಇದನ್ನು ಕೂತು ಬರೆಯುವ ಒಬ್ಬರಿಗೆ ತಿಂಗಳ ಸಂಬಳ ಕೊಡೋದು ಸ್ಕ್ಯಾನರ್ ಕೊಂಡಷ್ಟು ಸುಲಭ ಅಲ್ಲ. ಅದಕ್ಕೆ ಉದ್ಘಾಟನೆಯ ಫೋಟೋನೂ ಇರೋದಿಲ್ಲ.

ಹಾಗಾಗಿ ಈ 1948ರ ಪುಸ್ತಕದ ಬಗ್ಗೆ ನನ್ನ ತೀರ್ಪು ಇಷ್ಟು: ಭಾಷೆ ನಮ್ಮನ್ನು ಹೊರಗಿಟ್ಟಿದೆ, ಆದರೆ ಕೆಲಸ ನಮ್ಮ ಇವತ್ತಿನ ಕೆಲಸಕ್ಕಿಂತ ಪ್ರಾಮಾಣಿಕವಾಗಿದೆ. ಆಫೀಸಿನಲ್ಲಿ ಡಾಕ್ಯುಮೆಂಟೇಶನ್ ಇಲ್ಲದ ಕೋಡ್ ಬಂದರೆ ಬೈಯುವ ನಾವು, ಹಸ್ತಪ್ರತಿಯ ಹೆಸರಲ್ಲಿ ದೇಣಿಗೆ ಕೇಳಿಕೊಂಡು ಯಾರಾದರೂ ಬಂದರೆ ಇದೇ ಅಳತೆ ಹಿಡಿಯಬೇಕು. ಎಷ್ಟು ಪುಟ ಸ್ಕ್ಯಾನ್ ಆಯ್ತು ಅಂತ ಕೇಳೋ ಮೊದಲು ಪಟ್ಟಿ ಬರೀತಿರೋರು ಯಾರು, ಅವರಿಗೆ ತಿಂಗಳಿಗೆ ಎಷ್ಟು ಕೊಡ್ತೀರಿ ಅಂತ ಕೇಳಿ. ಉತ್ತರ ಸರಿಯಾಗಿದ್ದರೆ ಧಾರಾಳವಾಗಿ ಕೊಡಿ.