ಉದ್ದೀಪನವೂ ಬಲವೂ: ಕ್ರೀಡಾಭಾಷೆಯ ಎರಡು ಶಬ್ದಗಳ ವಿಮರ್ಶೆ

ಇಂದಿನ ಕನ್ನಡ ಪತ್ರಿಕೆಗಳ ಕ್ರೀಡಾವಾರ್ತೆಗಳಲ್ಲಿ ‘ಉದ್ದೀಪನ ಮದ್ದು’ ಎಂಬ ಮಾತು ರೂಢವಾಗಿರುವುದನ್ನು ವಾಚಕರು ಬಲ್ಲರು. ಸ್ಪರ್ಧಾಳುಗಳಿಗೆ ನಿಷಿದ್ಧವಾದ ಔಷಧಗಳೆಲ್ಲಕ್ಕೂ ಇದೊಂದೇ ಹೆಸರು. ಅತ್ತ, ಕಾಫಿಯಲ್ಲಿರುವ ಕೆಫೀನನ್ನು ಬೆರಸಿದ ಪಾನೀಯವು ಅಂಗಡಿಯಲ್ಲಿ ‘ಶಕ್ತಿವರ್ಧಕ’ವೆನಿಸಿಕೊಂಡಿದೆ. ಅಲಂಕಾರಶಾಸ್ತ್ರವನ್ನು ಪಾಠ ಹೇಳುವವರಿಗೆ ಈ ಎರಡು ಪ್ರಯೋಗಗಳೂ ಕಿವಿಗೆ ಚುಚ್ಚಬೇಕು. ಹೆಸರುಗಳು ಅದಲುಬದಲಾಗಿವೆಯೆಂಬುದೇ ಪ್ರಕೃತ ಲೇಖನದ ವಾದ.

ಶಾಸ್ತ್ರಾರ್ಥವನ್ನು ಸ್ಮರಿಸೋಣ. ಹೃದಯದಲ್ಲಿ ಮೊದಲೇ ನೆಲಸಿರುವ ಸ್ಥಾಯಿಯನ್ನು ಚಂದ್ರೋದಯ ಮಲಯಾನಿಲಾದಿಗಳು ಹೊತ್ತಿಸುವುವು. ಆದುದರಿಂದಲೇ ಅವು ಉದ್ದೀಪನವಿಭಾವಗಳು. ಇಲ್ಲದುದನ್ನು ಅವು ಹುಟ್ಟಿಸಲಾರವು. ರನ್ನನ ಗದಾಯುದ್ಧದಲ್ಲಿ ವೈಶಂಪಾಯನ ಸರೋವರದ ನೀರೊಳಗೆ ಅಡಗಿದ್ದ ದುರ್ಯೋಧನನು ಭೀಮನ ಗರ್ಜನೆಯನ್ನು ಕೇಳಿ ಬೆವರಿದುದನ್ನು ತರಗತಿಯಲ್ಲಿ ವಿವರಿಸದ ಅಧ್ಯಾಪಕರಿಲ್ಲ. ಭೀಮನ ಮಾತು ಕೌರವನ ತೋಳಿಗೆ ಹೊಸ ಬಲವೇನನ್ನೂ ಕೊಡಲಿಲ್ಲ. ಅಭ್ಯಾಸದಿಂದ ಬಂದ ಬಲವು ಅಲ್ಲಿ ಇದ್ದೇ ಇದ್ದಿತು. ಮಾತು ಅದನ್ನು ನೀರಿನಿಂದ ಮೇಲಕ್ಕೆ ತಂದಿತು.

ಈ ಒರೆಗಲ್ಲಿನಲ್ಲಿ ತಿಕ್ಕಿ ನೋಡಿದರೆ, ಮಾಂಸಖಂಡವನ್ನೇ ಬೆಳೆಸುವ ಸ್ಟೀರಾಯ್ಡುಗಳಾಗಲಿ ರಕ್ತದ ಕೆಂಪುಕಣಗಳನ್ನು ಹೆಚ್ಚಿಸುವ ಎರಿತ್ರೊಪೊಯೆಟಿನ್ ಆಗಲಿ ಉದ್ದೀಪನಗಳಲ್ಲ. ಅವು ದೇಹದ ದ್ರವ್ಯವನ್ನೇ ಮಾರ್ಪಡಿಸುವುವು. ಅವಕ್ಕೆ ‘ನಿಷಿದ್ಧ ಔಷಧ’ವೆಂದರೆ ಸಾಕು. ಆಂಫೆಟಮಿನ್ ಮೊದಲಾದ ಕೆಲವಕ್ಕೆ ಮಾತ್ರ ರೂಢಿಯ ಹೆಸರು ಒಪ್ಪೀತು. ನಿಜವಾದ ಉದ್ದೀಪನವೆಂದರೆ ಕೆಫೀನು. ಅದಾದರೋ ಈಗ ನಿಷಿದ್ಧವಲ್ಲ. ಮೂತ್ರದ ಒಂದು ಮಿಲಿಲೀಟರಿನಲ್ಲಿ 12 ಮೈಕ್ರೋಗ್ರಾಂ ಮೀರಿದರೆ ದೋಷವೆಂಬ ಹಿಂದಿನ ನಿಯಮವು 2004ರಲ್ಲಿ ಹೋಯಿತು.

ಕೆಫೀನಿನ ವ್ಯಾಪಾರವನ್ನು ನೋಡಿದರೂ ಇದೇ ನಿರ್ಣಯ. ಎಚ್ಚರದಿಂದಿದ್ದಷ್ಟೂ ದುಡಿದಷ್ಟೂ ಮಿದುಳಿನಲ್ಲಿ ಅಡೆನೊಸಿನ್ ಎಂಬ ದ್ರವ್ಯವು ಕೂಡುತ್ತ ಹೋಗಿ ದಣಿವಿನ ವಾರ್ತೆಯನ್ನು ತಿಳಿಸುತ್ತದೆ. ಕೆಫೀನು ಅದರ ಪೀಠವನ್ನು ತಾನು ಆಕ್ರಮಿಸುವುದು. ದಣಿವು ಇದ್ದರೂ ವಾರ್ತೆ ಮುಟ್ಟದು. ಇದರಿಂದ ಫಲವಿಲ್ಲವೆಂದಲ್ಲ: ದೇಹತೂಕದ ಒಂದು ಕಿಲೋಗ್ರಾಮಿಗೆ 3ರಿಂದ 6 ಮಿಲಿಗ್ರಾಮಿನಂತೆ, ಸ್ಪರ್ಧೆಗೆ ಸುಮಾರು ಒಂದು ಗಂಟೆ ಮೊದಲು ಸೇವಿಸಿದವರಲ್ಲಿ, ವಿಶೇಷವಾಗಿ ದೀರ್ಘಕಾಲದ ಓಟಾದಿಗಳಲ್ಲಿ, ಅಲ್ಪವಾದರೂ ನಿಶ್ಚಿತವಾದ ಪ್ರಯೋಜನ ಕಂಡುಬಂದಿದೆ. 1907ರಲ್ಲಿಯೇ ಇದನ್ನು ಪರೀಕ್ಷಿಸಿದ ರಿವರ್ಸ್ (ನೀಲಗಿರಿಯ ತೊದವರ ಕುರಿತು ಗ್ರಂಥ ಬರೆದವನೇ ಈತ) ತಾನು ನುಂಗಿದುದು ಕೆಫೀನೋ ಬರಿಯ ಮಿಶ್ರಣವೋ ತನಗೇ ತಿಳಿಯದಂತೆ ವ್ಯವಸ್ಥೆ ಮಾಡಿಕೊಂಡನು. ‘ಕುಡಿದಿದ್ದೇನೆ’ ಎಂಬ ಅರಿವೇ ಇನ್ನೊಂದು ಉದ್ದೀಪನವಷ್ಟೆ!

ಇನ್ನು ಬಲವೆಂದರೇನು? ಚರಕನು ಅದನ್ನು ಸಹಜ, ಕಾಲಜ, ಯುಕ್ತಿಕೃತವೆಂದು ಮೂರಾಗಿ ವಿಭಾಗಿಸಿ, ಮೂರನೆಯದನ್ನು ಆಹಾರ ವ್ಯಾಯಾಮಗಳ ಯೋಗದಿಂದ ಬಂದುದೆನ್ನುವನು. ಕೆಫೀನ್‌ಸೇವನೆಯೂ ಯುಕ್ತಿಯೇ ಅಲ್ಲವೆ ಎಂದು ಯಾರಾದರೂ ಕೇಳಿಯಾರು. ಅಲ್ಲವೆಂದೇ ನಮ್ಮ ಮತ. ಸೇವಿಸಿದುದರ ಅರ್ಧಭಾಗವು ಸುಮಾರು ಐದು ಗಂಟೆಗಳಲ್ಲಿ ರಕ್ತದಿಂದ ಕಳೆಯುವುದು. ಕಳೆದ ಮೇಲೆ ದೇಹದಲ್ಲಿ ಬಲವಾಗಿ ಉಳಿಯುವಂಥದು ಏನೂ ಇಲ್ಲ. ಚಾಲುಕ್ಯ ಮೂರನೆಯ ಸೋಮೇಶ್ವರನ ಮಾನಸೋಲ್ಲಾಸದ ಮಲ್ಲವಿನೋದವನ್ನು ಓದಿದರೆ ಯುಕ್ತಿಯೆಂದರೇನೆಂಬುದು ಸ್ಪಷ್ಟವಾಗುತ್ತದೆ. ಭಾರಶ್ರಮ, ಭ್ರಮಣಶ್ರಮ, ಸಲಿಲಶ್ರಮ, ಸ್ತಂಭಶ್ರಮ ಎಂದು ದಿನದಿನದ ದುಡಿಮೆ; ಅದಕ್ಕೆ ತಕ್ಕ ಪುಷ್ಟಿಕರವಾದ ಊಟ. ಕಾವ್ಯಗುಣವನ್ನು ಅರಸುವವರಿಗೆ ಈ ಶ್ಲೋಕಗಳು ಒಣಗಿದಂತೆ ಕಂಡಾವು. ಶಬ್ದಗಳ ಖಚಿತತೆಯಲ್ಲಿ ಮಾತ್ರ ಅರಸನು ಸಡಿಲನಲ್ಲ.

ಆ ಅರಸನ ರಾಜ್ಯಕ್ಕೆ ಸೇರಿದ್ದ ಬನವಾಸಿನಾಡಿನ ರಾಜಧಾನಿ ಬಳ್ಳಿಗಾವೆಯು ಈಗಿನ ಶಿಕಾರಿಪುರ ತಾಲ್ಲೂಕಿನಲ್ಲಿದೆ. ಶಿಕಾರಿಪುರ ಸೊರಬ ಸೀಮೆಯ ಒಕ್ಕಲಿಗರಿಗೆ ಈ ವಿವೇಕವನ್ನು ಗ್ರಂಥದಿಂದ ಕಲಿಸಬೇಕಾಗಿಲ್ಲ. ದೀಪಾವಳಿಯ ತರುವಾಯ ಇಲ್ಲಿ ನಡೆಯುವ ಹೋರಿಹಬ್ಬವನ್ನು ನೋಡಿದವರು ಬಲ್ಲರು. ಕೊರಳಿಗೆ ಕೊಬ್ಬರಿಯ ಸರ ಕಟ್ಟಿದ ಹೋರಿಯನ್ನು ಬೆದರಿಸಿ ಓಡಿಸುವರು. ತರುಣರು ಮೈಮೇಲೆ ಬಿದ್ದು ಕೊಬ್ಬರಿ ಹರಿಯಲು ಹವಣಿಸುವರು. ವರ್ಷವೆಲ್ಲ ಹುರುಳಿ, ಹಿಂಡಿ, ಹತ್ತಿಕಾಳು. ಹಬ್ಬದ ದಿನ ಹಲಗೆಯ ಸದ್ದು, ಕೇಕೆ. ಹಲಗೆಯನ್ನು ಹುರುಳಿಯೆಂದು ಯಾವ ಒಕ್ಕಲಿಗನೂ ಭ್ರಮಿಸಿಲ್ಲ. ಸೊರಬದ ವೀರಗಲ್ಲುಗಳಲ್ಲಿ ತುರುಗಾಳಗದಲ್ಲಿ ಮಡಿದವರನ್ನು ಕಾಣುತ್ತೇವೆ. ಈ ಆಟದಲ್ಲಿಯೂ ಕೊಂಬಿಗೆ ಸಿಕ್ಕಿ ಪ್ರಾಣ ಬಿಟ್ಟವರುಂಟು. ಕೊಂಬಿನ ಮುಂದೆ ನಿಂತವನಿಗೆ ತನ್ನ ಕಾಲು ದಣಿದಿದೆಯೆಂಬ ಅರಿವು ಸರಿಯುವ ದಾರಿಯನ್ನು ತೋರುವುದು. ಆ ಅರಿವನ್ನು ಮುಚ್ಚುವ ವಸ್ತುವಿಗೆ ಶಕ್ತಿಯೆಂದು ಹೆಸರಿಟ್ಟು ಕೊಡುವುದು ಶಬ್ದದೋಷವಷ್ಟೇ ಅಲ್ಲ.

ಹೆಸರು ಪ್ರಮಾಣದಲ್ಲಿಯೂ ಸುಳ್ಳು. 60 ಕಿಲೋ ತೂಕದ ತರುಣನಿಗೆ ಮೇಲೆ ಹೇಳಿದ ಕನಿಷ್ಠ ಮಾತ್ರೆ 180 ಮಿಲಿಗ್ರಾಂ. ಭಾರತದ ಆಹಾರನಿಯಮವು ಇಂಥ ಪಾನೀಯದ ಒಂದು ಲೀಟರಿಗೆ 300 ಮಿಲಿಗ್ರಾಮನ್ನು ಮೇರೆಯಾಗಿ ಇಟ್ಟಿರುವುದರಿಂದ, 250 ಮಿಲಿಲೀಟರಿನ ಡಬ್ಬಿಯಲ್ಲಿ 75ಕ್ಕಿಂತ ಹೆಚ್ಚು ಇರುವಂತಿಲ್ಲ. ಉಳಿದ ‘ಶಕ್ತಿ’ಯೆಲ್ಲ ಸಕ್ಕರೆಯದು. ಅದೇ ನಿಯಮವು ಈ ವಸ್ತುವನ್ನು ಶಕ್ತಿಯ ಮಾತೆತ್ತದೆ ಬರಿದೆ ‘ಕೆಫೀನ್‌ಯುಕ್ತ ಪಾನೀಯ’ವೆಂದು ಕರೆಯುತ್ತದೆ. ಶಬ್ದಪ್ರಯೋಗದಲ್ಲಿ ಇಲ್ಲಿ ಪತ್ರಿಕಾಕರ್ತರಿಗಿಂತ ಕರಣಿಕರೇ ಮೇಲು.