ಬೀದಿಯಿಂದ ಮೇಲೆದ್ದ ದಾರಿ: ಮುಂಬಯಿಯ ಸ್ಕೈವಾಕ್‌ಗಳು

2008ರಲ್ಲಿ ಬಾಂದ್ರಾ ಪೂರ್ವದ ರೈಲು ನಿಲ್ದಾಣದಿಂದ ಕಲಾನಗರದವರೆಗೆ ನಿರ್ಮಾಣವಾದ ಸ್ಕೈವಾಕ್, ಮುಂಬಯಿಯ ಎತ್ತರಿಸಿದ ಕಾಲುದಾರಿಗಳ ಸರಣಿಗೆ ನಾಂದಿಯಾಯಿತು. ನಿಲ್ದಾಣದ ನೂಕುನುಗ್ಗಲನ್ನು ಹಂಚುವುದು, ಪಾದಚಾರಿಯನ್ನು ವಾಹನಗಳಿಂದ ಕಾಪಾಡುವುದು ಈ ಯೋಜನೆಯ ಉದ್ದೇಶ. ಅದನ್ನು ನಾವು ಅಲ್ಲಗಳೆಯುವುದಿಲ್ಲ. 2017ರ ಸೆಪ್ಟೆಂಬರ್ 29ರಂದು ಅಂದಿನ ಎಲ್ಫಿನ್‌ಸ್ಟನ್ ರೋಡ್ ನಿಲ್ದಾಣದ ಇಕ್ಕಟ್ಟಾದ ಮೇಲ್ಸೇತುವೆಯಲ್ಲಿ 23 ಮಂದಿ ಕಾಲ್ತುಳಿತಕ್ಕೆ ಬಲಿಯಾದುದನ್ನು ಬಲ್ಲವರು ಅಗಲವಾದ ದಾರಿಯ ಬೆಲೆಯನ್ನು ಅರಿಯದಿರಲಾರರು.

ಆದರೆ ಕನ್ನಡದಲ್ಲಿ ದಾರಿ ಬೇರೆ, ಬೀದಿ ಬೇರೆ. ದಾರಿ ಊರಿಗೆ ಮುಟ್ಟಿಸುತ್ತದೆ. ಬೀದಿ ಊರಿನ ಒಳಗಿನದು. ರಥಬೀದಿ, ಪೇಟೆಬೀದಿ ಎಂಬ ಮಾತುಗಳಲ್ಲಿ ನಡಿಗೆಯೊಡನೆ ಜನರ ನೆರವಿಯೂ ವ್ಯಾಪಾರವೂ ಅಡಗಿವೆ. ಸ್ಕೈವಾಕ್ ಬೀದಿಯನ್ನು ಬರಿಯ ದಾರಿಯ ಮಟ್ಟಕ್ಕೆ ಇಳಿಸುತ್ತದೆ. ಅದರ ಬದಿಯಲ್ಲಿ ಅಂಗಡಿಸಾಲಿಲ್ಲ, ಜಗಲಿಯಿಲ್ಲ, ನಡುವೆ ಹೊರಳಿಕೊಳ್ಳಲು ಓಣಿಯಿಲ್ಲ. ವೃದ್ಧರಿಗೂ ಹೊರೆ ಹೊತ್ತವರಿಗೂ ಮೆಟ್ಟಿಲೇ ತಡೆ. ಆದುದರಿಂದ ಅನೇಕರು ಕೆಳಗೇ ನಡೆಯುತ್ತಾರೆ. ಇದನ್ನು ಅಶಿಸ್ತೆಂದು ಜರೆಯುವುದು ಸಲ್ಲದು. ತರಕಾರಿ ಕೊಳ್ಳುವ, ರಿಕ್ಷಾ ಹಿಡಿಯುವ ಅವರ ದಿನಚರಿ ನೆಲದ ಮೇಲೆಯೇ ಇದೆ.

ನೆಲವನ್ನು ವಾಹನಕ್ಕೆ ಬಿಟ್ಟುಕೊಟ್ಟು ನಡೆಯುವವರನ್ನು ಮೇಲೇರಿಸುವುದು ಅವರಿಗೆ ಸಂದ ಗೌರವವೆನಿಸದು. ನಿಲ್ದಾಣಗಳ ಬಳಿ ಸ್ಕೈವಾಕ್ ಇರಲಿ. ಆದರೆ ಅದು ಕೆಳಗಿನ ಕಾಲುದಾರಿಗೆ ಪೂರಕವಾಗಬೇಕೇ ಹೊರತು ಪರ್ಯಾಯವಾಗಬಾರದೆಂಬುದು ನಮ್ಮ ನಿಲುವು.