ನೀಲಿ ಸೀರೆಗೆ ನೀಲಿ ಕುಪ್ಪಸವೇ ಏಕೆ?

ಹೆಂಗಸರ ಪುಟಗಳಲ್ಲಿ ಉಡುಗೆಯ ಬಗ್ಗೆ ಬರುವ ಸಲಹೆಗಳನ್ನು ನಾನು ಬಿಡದೆ ಓದುತ್ತೇನೆ. ನೇವಿ ಬ್ಲೂ ಬಣ್ಣದ ಬಗ್ಗೆ ಅವು ಹೇಳುವುದು ಬಹುಮಟ್ಟಿಗೆ ಒಂದೇ. ಈ ಬಣ್ಣ ಗಂಭೀರವಾದದ್ದು, ಕಪ್ಪಿನಷ್ಟು ಬಿರುಸಲ್ಲ, ಎಲ್ಲರ ಮೈಬಣ್ಣಕ್ಕೂ ಒಪ್ಪುತ್ತದೆ. ಆದ್ದರಿಂದ ಅದೇ ಬಣ್ಣದ ಕುಪ್ಪಸ ತೊಡಿ, ಅದಕ್ಕೆ ಹೊಂದುವ ಬಳೆ, ಚಪ್ಪಲಿ, ಪರ್ಸು ಕೊಳ್ಳಿ, ಹಣೆಗೂ ನೀಲಿ ಬಿಂದಿ ಇಡಿ! ಮೊದಲಿನ ಮಾತೆಲ್ಲ ನಿಜ. ಸೀಮೆಸುಣ್ಣದ ಪುಡಿ ಎದ್ದು ಕಾಣುವುದೊಂದನ್ನು ಬಿಟ್ಟರೆ ಶಾಲೆಗೆ ಇಷ್ಟು ಒಪ್ಪುವ ಬಣ್ಣ ಬೇರೊಂದಿಲ್ಲ. ನನ್ನ ತಕರಾರು ಇರುವುದು ಆ ‘ಆದ್ದರಿಂದ’ ಎಂಬ ಪದದ ಮೇಲೆ.

1748ರಲ್ಲಿ ಬ್ರಿಟಿಷ್ ನೌಕಾಪಡೆಯ ಅಧಿಕಾರಿಗಳಿಗೆ ಕಡುನೀಲಿ ಸಮವಸ್ತ್ರ ಗೊತ್ತುಮಾಡಿದ್ದರಿಂದ ಈ ಬಣ್ಣಕ್ಕೆ ನೇವಿ ಬ್ಲೂ ಎಂಬ ಹೆಸರು ಬಂತು. ಆ ಸಮವಸ್ತ್ರದಲ್ಲೂ ನೀಲಿಯ ಜೊತೆಗೆ ಬಿಳಿ ಇತ್ತು. ನಮ್ಮ ಶಾಲೆಯ ಹುಡುಗಿಯರ ನೀಲಿ ಲಂಗಕ್ಕೂ ಬಿಳಿ ಅಂಗಿಯೇ ಜೊತೆ. ದಂಡಿನವರಿಗೂ ಮಕ್ಕಳಿಗೂ ಇಲ್ಲದ ಒಂದೇ ಬಣ್ಣದ ಶಿಕ್ಷೆ ಮದುವೆಗೆ ಹೊರಟ ಹೆಣ್ಣುಮಗಳಿಗೆ ಮಾತ್ರ ಏಕೆ?

ಕಡುನೀಲಿಯನ್ನು ಹೇಗೆ ಉಡಬೇಕೆಂದು ತಿಳಿಯಲು ನಾವು ದೂರ ಹೋಗಬೇಕಾಗಿಲ್ಲ. ಬಾಗಲಕೋಟೆ ಜಿಲ್ಲೆಯ ಇಳಕಲ್ಲಿನ ಸೀರೆ ನೋಡಿ. ಒಡಲು ಕಡುನೀಲಿ ಹತ್ತಿ, ಸೆರಗು ಕೆಂಪು ರೇಷ್ಮೆ, ಅದರ ಮೇಲೆ ಬಿಳಿಯ ತೋಪು ತೆನಿ. ದಡಿಯ ಬಣ್ಣ ಒಡಲಿನದಲ್ಲ. ಒಡಲಿನ ಹಾಸಿನ ಎಳೆಗಳಿಗೆ ಸೆರಗಿನ ಹಾಸಿನ ಎಳೆಗಳನ್ನು ಒಂದೊಂದಾಗಿ ಕೊಂಡಿ ಹಾಕಿ ಕೂಡಿಸುತ್ತಾರೆ. ಬಣ್ಣ ಬೇರೆ, ನೂಲು ಬೇರೆ ಇದ್ದರೂ ಹೊಂದಿಸಬಹುದೆಂದು ನೇಕಾರ ತೋರಿಸಿದ್ದಾನೆ. ಪತ್ರಿಕೆಯ ಸಲಹೆಗಾರರು ಹೊಂದಿಕೆ ಎಂದರೆ ಒಂದೇ ಬಣ್ಣ ಎಂದುಕೊಂಡಂತಿದೆ.

ಈ ಸೀರೆಗೆ ಹಿರಿಯರು ತೊಡುತ್ತಿದ್ದುದು ಅದೇ ಜಿಲ್ಲೆಯ ಗುಳೇದಗುಡ್ಡದ ಖಣದ ಕುಪ್ಪಸ. ನೀಲಿ ಸೀರೆಗೆ ಹಸಿರು, ಕುಂಕುಮಗೆಂಪು, ನೇರಳೆ, ಯಾವುದಾದರೂ ಸರಿ. ಖಣದ ಮೈತುಂಬ ಸಣ್ಣ ಸಣ್ಣ ಬುಟ್ಟಾ, ಎರಡೂ ಬದಿಗೆ ದಡಿ. ಆ ದಡಿ ತೋಳಿನ ಅಂಚಿಗೆ ಬರುವಂತೆ ದರ್ಜಿ ಹೊಲಿಯುತ್ತಿದ್ದ. ಸೀರೆಯ ಜೊತೆಗೇ ಕುಪ್ಪಸದ ತುಂಡು ಸೇರಿ ಬರತೊಡಗಿದ ಮೇಲೆ ಬೇರೆ ಖಣ ಕೊಳ್ಳುವ ಕಾರಣವೇ ಹೋಯಿತು. ಖಣದಿಂದ ಈಗ ಚೀಲ, ದುಪಟ್ಟಾ, ಸೀರೆಗಳನ್ನೂ ಮಾಡಿ ಮಾರುತ್ತಾರೆ, ಸಂತೋಷ. ಆದರೆ ಯಾವುದಕ್ಕೆಂದು ಅದು ಹುಟ್ಟಿತೋ ಆ ಕೆಲಸ ನಮ್ಮ ಮ್ಯಾಚಿಂಗ್ ಹುಚ್ಚಿನಿಂದ ತಪ್ಪಿತು. ಮಗ್ಗದ ಮುಂದೆ ಕುಳಿತವನ ಅನ್ನದ ಮಾತಿದು.

ನಮ್ಮ ಕಿಸೆಯ ಮಾತೂ ಹೌದು. ಹೊಸದಾಗಿ ಬಂದಿರುವ ಕಿರಿಯ ಶಿಕ್ಷಕಿಯೊಬ್ಬಳು ಮೊನ್ನೆ, “ಅಕ್ಕಾರ, ಸೀರಿ ಸಾವಿರಕ್ಕ ಬಂತ್ರಿ, ಅದರ ಮ್ಯಾಚಿಂಗಿಗೆ ಸಾವಿರದ ಇನ್ನೂರು ಹೋತ್ರಿ” ಎಂದಳು. ಆ ನೀಲಿ ಚಪ್ಪಲಿ, ನೀಲಿ ಪರ್ಸು ಅವಳ ಬೇರೆ ಯಾವ ಸೀರೆಗೂ ಹೊಂದುವುದಿಲ್ಲ. ಇನ್ನೊಂದು ಸೀರೆ ಬಂದರೆ ಮತ್ತೊಂದು ಜೊತೆ ಬೇಕು. ಸಲಹೆ ಕೊಡುವವರು ಈ ಲೆಕ್ಕವನ್ನು ಎಂದೂ ಬರೆಯುವುದಿಲ್ಲ. ಸಂಬಳದಲ್ಲಿ ಮನೆ ಬಾಡಿಗೆಯನ್ನೂ ತಮ್ಮನ ಫೀಯನ್ನೂ ಕಳೆದು ಉಳಿದದ್ದರಲ್ಲಿ ಸೀರೆ ಕೊಳ್ಳುವವಳು ತಮ್ಮ ಓದುಗಳೆಂದು ಅವರಿಗೆ ಹೊಳೆದಂತಿಲ್ಲ.

ನಮ್ಮೆಲ್ಲರ ಟ್ರಂಕಿನ ತಳದಲ್ಲಿ ಉಡಿ ತುಂಬಿದಾಗ ಬಂದ ಖಣಗಳಿವೆ. ನಮಗೆ ಬಂದದ್ದನ್ನು ಇನ್ನೊಬ್ಬರಿಗೆ, ಅವರಿಂದ ಮತ್ತೊಬ್ಬರಿಗೆ, ಹೀಗೆ ಹೊಲಿಗೆಯನ್ನೇ ಕಾಣದೆ ಅವು ಊರೆಲ್ಲ ತಿರುಗುತ್ತವೆ. ಮುಂದಿನ ಸಲ ನೀಲಿ ಸೀರೆ ತೆಗೆದಾಗ ಅವುಗಳಲ್ಲಿ ಕೈಮಗ್ಗದ್ದೊಂದನ್ನು ಆರಿಸಿ ಬೆಳಕಿನಲ್ಲಿ ಸೀರೆಯ ಪಕ್ಕಕ್ಕೆ ಹಿಡಿದು ನೋಡಿ. ಒಪ್ಪಿದರೆ ದರ್ಜಿಗೆ ಕೊಡಿ. ದಡಿ ತೋಳಿಗೆ ಬರಲಿ ಎಂದು ಹೇಳುವುದನ್ನು ಮಾತ್ರ ಮರೆಯಬೇಡಿ. ಈಗಿನ ಹುಡುಗರಿಗೆ ಅದು ಗೊತ್ತಿರುವುದಿಲ್ಲ.